ಕಡಲಾಚೆಯ ಕನ್ನಡ: ರಾಮಾನುಜನ್‌ರವರ ಕವಿತೆಗಳು

ಪರದೇಶದಲ್ಲಿ ನೆಲೆಸಿದವರು ತವರನ್ನು ಉಳಿಸಿಕೊಳ್ಳುವ ಬಗೆ ಒಂದೇ ಅಲ್ಲ. 1960ರ ಸುಮಾರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಬಂದು ನೆಲೆಸತೊಡಗಿದ ಟಿಬೆಟ್ಟಿನ ಜನರು, ಲ್ಹಾಸಾ ನಗರದ ಸೆರಾ ಮಠವನ್ನು ಅದೇ ಹೆಸರಿನಿಂದ ಇಲ್ಲಿ ಮರಳಿ ಕಟ್ಟಿದರು. ಐರ್ಲೆಂಡಿನ ಜೇಮ್ಸ್ ಜಾಯ್ಸನು 1904ರಲ್ಲಿ ಡಬ್ಲಿನ್ ನಗರವನ್ನು ತೊರೆದು, 1912ರ ತರುವಾಯ ಅತ್ತ ಕಾಲಿಡಲಿಲ್ಲ; ಆದರೆ ಅವನ ಕಥೆಗಳೆಲ್ಲ ಆ ಊರಿನವೇ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಅಮೆರಿಕಕ್ಕೆ ತೆರಳಿ, 1993ರಲ್ಲಿ ಷಿಕಾಗೋ ನಗರದಲ್ಲಿ ತೀರಿಕೊಂಡ ಎ. ಕೆ. ರಾಮಾನುಜನ್‌ರವರದು ಬೇರೊಂದು ಬಗೆ. ಅವರು ಊರಿನಿಂದ ಕೊಂಡುಹೋದುದು ಮಾತನ್ನು.

ಅವರ ಮನೆಮಾತು ತಮಿಳು, ಅಧ್ಯಾಪನಕ್ಕೆ ಇಂಗ್ಲಿಷು. ಬೀದಿಯಲ್ಲಿ ದೊರೆತ ಕನ್ನಡವನ್ನು ಕಡಲಾಚೆ ಕೈಬಿಟ್ಟಿದ್ದರೆ ಕೇಳುವವರಾರು? ಆದರೂ 1969, 1977, 1990ರಲ್ಲಿ ಮೂರು ಕನ್ನಡ ಸಂಗ್ರಹಗಳು ಹೊರಬಂದುವು.

ಛಂದಸ್ಸಿನಲ್ಲಿ ಪಳಗಿದ ಕಿವಿಗೆ ಈ ಪದ್ಯಗಳು ಮೊದಲು ಬರಿಯ ಗದ್ಯವೆಂದೇ ತೋರುವುವು. ಈ ಆಕ್ಷೇಪಣೆ ಪೂರ್ತಿ ಸುಳ್ಳಲ್ಲ. ಕೆಲವು ಪದ್ಯಗಳು ಹರಟೆಯ ಮಟ್ಟವನ್ನು ದಾಟವು. ಆದರೆ ಮೊದಲ ಸಂಗ್ರಹದ ಹೆಸರನ್ನೇ ನೋಡಿರಿ: 'ಹೊಕ್ಕುಳಲ್ಲಿ ಹೂವಿಲ್ಲ'. ಪದ್ಮನಾಭನ ನಾಭಿಕಮಲದಿಂದ ಬ್ರಹ್ಮನು ಹುಟ್ಟಿದನೆಂಬುದು ಪುರಾಣಪ್ರಸಿದ್ಧ. ಇಲ್ಲಿ ಆ ಕಮಲವಿಲ್ಲ. ಇದನ್ನು ನಾಸ್ತಿಕನ ಕುಚೋದ್ಯವೆಂದು ತಳ್ಳಿಹಾಕುವ ಪಂಡಿತರು ಒಂದನ್ನು ಮರೆಯುವರು. ಹೂವಿಲ್ಲವೆಂದ ಕವಿಗಳು ಹೊಕ್ಕುಳಿಲ್ಲವೆಂದು ಹೇಳಲಿಲ್ಲ. ತಾಯಿಯಿಂದ ಬೇರ್ಪಡಿಸಿದ ಕತ್ತರಿಯ ಗುರುತು ಮೈಮೇಲೆ ಉಳಿದೇ ಇರುವುದು. ಊರು ಬಿಟ್ಟವನಿಗೆ ಉಳಿಯುವುದು ಅಷ್ಟೇ, ಅಷ್ಟೇನೂ ಕಡಮೆಯಲ್ಲ.

ಮೂರನೆಯದರ ಹೆಸರು 'ಕುಂಟೋಬಿಲ್ಲೆ'. ನೆಲದ ಮೇಲೆ ಬರೆದ ಆ ಆಟದ ಚೌಕಗಳನ್ನು ಈ ಸೀಮೆಯ ಹುಡುಗಿಯರು 'ಮನೆ'ಗಳೆಂದೇ ಕರೆಯುವರು. ಒಂಟಿಕಾಲಿನಲ್ಲಿ, ಗೆರೆ ಮೆಟ್ಟದೆ, ಮನೆಯಿಂದ ಮನೆಗೆ ಕುಪ್ಪಳಿಸಬೇಕು. (ಇಂಥದೇ ಆಟವನ್ನು ಅಮೆರಿಕದ ಮಕ್ಕಳೂ ಆಡುವರು.) ಎರಡು ಮನೆಗಳಲ್ಲಿ ಒಂದೊಂದೇ ಕಾಲೂರಿ ಬಾಳುವವನ ಪಾಡಿಗೆ ಇದಕ್ಕಿಂತ ಅಡಕವಾದ ಹೆಸರು ದೊರೆಯಲಾರದು.

1973ರಲ್ಲಿ ಶಿವಶರಣರ ವಚನಗಳನ್ನೂ, 1976ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'ವನ್ನೂ ಇಂಗ್ಲಿಷಿಗೆ ತಂದ ಅವರ ಕೀರ್ತಿಯು ಲೋಕವಿದಿತವಾದುದು. ಈ ಕೀರ್ತಿಯ ಮರೆಯಲ್ಲಿ ಕನ್ನಡ ಪದ್ಯಗಳು ಕಾಣದಂತಾಗಿರುವುದು ವಿಷಾದಕರ. ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಗಳಿಂದಲೂ ಮಕ್ಕಳು ಈಗ ಕಡಲು ದಾಟಿರುವರು. ದೂರವಾಣಿಯಲ್ಲಿ ಅವರಾಡುವ ಕನ್ನಡವು ಹೊರಟ ದಿನದಲ್ಲಿಯೇ ನಿಂತಂತಿರುವುದು. ರಾಮಾನುಜನ್‌ರವರ ನುಡಿಯಲ್ಲಿಯೂ ಹಳೆಯ ಮೈಸೂರಿನ ಅಡುಗೆಮನೆಯ ವಾಸನೆ ಹೋಗಿಲ್ಲ. ಅದು ದೋಷವೆಂದು ಬಗೆಯುವವರು ಒಮ್ಮೆ ಆ ಪದ್ಯಗಳನ್ನು ಮನೆಯ ಹಿರಿಯರ ಮುಂದೆ ಗಟ್ಟಿಯಾಗಿ ಓದಿ ನೋಡಲಿ.