ಹೆಗ್ಗಣದಿಂದ ಕೆಂಜಳಿಲಿನವರೆಗೆ: ರಸಿಕರಿಗೊಂದು ಕೈಪಿಡಿ

ಕಲ್ಕತ್ತೆಯ ಸಾಲ್ಟ್ ಲೇಕಿನ ಚರಂಡಿ ಪಕ್ಕದ ಹೆಗ್ಗಣವನ್ನು ನಿಂತು ನೋಡಬೇಕು ಎಂದರೆ ಮೂಗು ಮುರಿಯದವರು ಕಡಿಮೆ. ಆದರೂ ಇಲಿ, ಅಳಿಲು, ಮುಳ್ಳುಹಂದಿಗಳನ್ನೊಳಗೊಂಡ ದಂಶಕಗಳ ಲೋಕಕ್ಕೆ ಹೊಸಬರಾದವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ತಂದು ಸುರಿದು, ಜೌಗನ್ನು ಮುಚ್ಚಿ ಎಬ್ಬಿಸಿದ ನೆಲ ಅದು. ಗದ್ದೆಯ ಬದುವಿನಲ್ಲಿ ಬಿಲ ತೋಡಿ ಭತ್ತದ ತೆನೆ ಕೂಡಿಡುವ ಹೆಗ್ಗಣಕ್ಕೆ ಕಲ್ಕತ್ತೆಯ ಧಾನ್ಯದ ಗೋದಾಮೂ ಒಗ್ಗಿತು, ಈ ಹೊಸ ಊರೂ ಒಗ್ಗಿತು. ಜೌಗನ್ನೇ ನಂಬಿದ್ದ ಜೀವಿಗಳು ಪೂರ್ವಕ್ಕೆ ಸರಿದವು, ಇಲ್ಲವೇ ಅಳಿದವು. ಕೆಲವೇ ವರ್ಷಗಳಲ್ಲಿ ಇಲ್ಲಿ ನಡೆದದ್ದು ಮಳೆಕಾಡುಗಳಲ್ಲಿ ಲಕ್ಷಾಂತರ ವರ್ಷ ನಿಧಾನವಾಗಿ ನಡೆದಿದೆ. ಹಾಗಾಗಿ ದಂಶಕವೊಂದನ್ನು ಅರಿಯಲು ಅದರ ಅಂದಚೆಂದ ಸಾಲದು; ಅದು ಎಲ್ಲೆಲ್ಲಿ ಇಲ್ಲ, ಏಕೆ ಇಲ್ಲ ಎಂದೂ ಕೇಳಬೇಕು.

ಮೈಬಣ್ಣಕ್ಕಿಂತ ಮೊದಲು ಹಲ್ಲು ನೋಡಿ. ಸದಾ ಬೆಳೆಯುವ ಬಾಚಿಹಲ್ಲು ಎಲ್ಲ ದಂಶಕಗಳಿಗೂ ಸಮಾನ. ಕುಲದ ಗುರುತು ಉಳಿಯುವುದು ದವಡೆಹಲ್ಲಿನ ಗುಬುಟುಗಳಲ್ಲಿ. ಹಿಮಾಲಯದ ತಪ್ಪಲಿನ ಶಿವಾಲಿಕ್ ಪದರಗಳಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಪೊಟ್ವಾರ್ ಪ್ರಸ್ಥಭೂಮಿಯಲ್ಲಿ, ಸುಮಾರು 140 ಲಕ್ಷ ವರ್ಷ ಹಿಂದಿನ ಆಂಟೆಮಸ್, ಆಮೇಲಿನ ಪ್ರೊಗೊನೊಮಿಸ್, ಕೊನೆಗೆ ನಮ್ಮ ಮನೆಯಿಲಿಯ ಕುಲವಾದ ಮಸ್ ಹೀಗೆ ಗುಬುಟುಗಳ ಸಾಲು ಒಂದೊಂದೇ ಮಾರ್ಪಾಡಾಗುತ್ತ ಬಂದದ್ದು ಪಳೆಯುಳಿಕೆಗಳಲ್ಲಿ ಕಾಣುತ್ತದೆ. ಅಲ್ಲೇ ಸುಮಾರು 80ರಿಂದ 70 ಲಕ್ಷ ವರ್ಷಗಳ ಹಿಂದೆ ಮರಗಾಡು ಹಿಮ್ಮೆಟ್ಟಿ ಹುಲ್ಲು ಹಬ್ಬಿತು. ಬಯಲಿಗೆ ಹೊಂದಿಕೊಂಡವು ಹರಡಿದವು. ಕಾಡನ್ನು ಬಿಡಲಾರದವುಗಳ ಪಾಡು ಬೇರೆ.

ಆ ಪಾಡಿಗೆ ನನ್ನ ಮಟ್ಟಿಗೆ ಅತ್ಯುತ್ತಮ ಸಾಕ್ಷಿ ಪಶ್ಚಿಮ ಘಟ್ಟದ ಮುಳ್ಳುಮೈಯ ಮರದಿಲಿ. ಕೊಡಗಿನಿಂದ ದಕ್ಷಿಣದ ಘಟ್ಟಗಳವರೆಗಿನ ಕಾಡುಗಳಲ್ಲಿ, ಮರದ ಪೊಟರೆಯಲ್ಲಿ ವಾಸ. ಬೆನ್ನಿನ ಕೂದಲಲ್ಲಿ ಚಪ್ಪಟೆ ಮುಳ್ಳು, ಬಾಲದ ತುದಿಯಲ್ಲಿ ಕುಚ್ಚು. ಇದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಕಲ್ಕತ್ತೆಯಲ್ಲಿ: ಏಷಿಯಾಟಿಕ್ ಸೊಸೈಟಿಯ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1859ರಲ್ಲಿ ಪ್ಲಾಟಕಾಂತೊಮಿಸ್ ಲ್ಯಾಸಿಯೂರಸ್ ಎಂದು ಕರೆದರು. ಕುಚ್ಚುಬಾಲ ಕಂಡು ಇದನ್ನು ಯೂರೋಪಿನ ಡಾರ್ಮೌಸ್‌ಗಳ ನೆಂಟನೆಂದು ಬಹುಕಾಲ ಎಣಿಸಿದ್ದರು. ಇದೇ ಆಕ್ಷೇಪಕ್ಕೂ ಎಡೆ: ರೂಪ ಹೀಗೆ ಮೋಸ ಮಾಡುವುದಾದರೆ ರೂಪವನ್ನು ಓದಿ ಏನು ಪ್ರಯೋಜನ? ಮರದ ಬದುಕು ಬೇರೆ ಬೇರೆ ಕುಲಗಳಿಗೂ ಒಂದೇ ಬಗೆಯ ಬಾಲ ಕೊಡಬಲ್ಲದು, ನಿಜ. ಅದಕ್ಕೇ ಹಲ್ಲು, ವಂಶವಾಹಿ, ನಕ್ಷೆ ಮೂರೂ ಒಟ್ಟಿಗೆ ಬೇಕು. ಅವು ಹೇಳುವ ಪ್ರಕಾರ ಇದರ ಬದುಕಿರುವ ಹತ್ತಿರದ ಬಂಧು ಟಿಫ್ಲೊಮಿಸ್. ಅದಿರುವುದು ದಕ್ಷಿಣ ಚೀನಾ, ವಿಯೆಟ್ನಾಂ ಕಾಡುಗಳಲ್ಲಿ. ಇದೇ ಕುಟುಂಬದ ಪಳೆಯುಳಿಕೆಗಳು ಯೂರೋಪಿನಲ್ಲೂ ಸಿಕ್ಕಿವೆ. ಒಂದು ಕಾಲಕ್ಕೆ ಯೂರೇಷ್ಯಾದ ಉದ್ದಗಲ ಇದ್ದ ವಂಶ ಈಗ ಎರಡು ತುದಿಗಳಲ್ಲಿ ಮಾತ್ರ ಉಳಿದಿದೆ.

ನಡುವಿನ ದಾರಿ ಯಾವುದಿತ್ತು? ಕಲ್ಕತ್ತೆಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸುಂದರಲಾಲ್ ಹೋರಾ 1940ರ ದಶಕದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದರು: ಸಾತ್ಪುರ ಬೆಟ್ಟಸಾಲು ತೇವವಾಗಿದ್ದಾಗ ಈಶಾನ್ಯದ ಜೀವಿಗಳು ಅದರ ಮೇಲೆ ಹಾದು ಸಹ್ಯಾದ್ರಿ ಸೇರಿದವು. ಅವರ ಆಧಾರ ತೊರೆಮೀನುಗಳು, ಕಾಲ ಹಿಮಯುಗಗಳದ್ದು. ಮರದಿಲಿಯ ಅಗಲಿಕೆ ಅದಕ್ಕಿಂತ ಬಹಳ ಹಳೆಯದು, ಆದ್ದರಿಂದ ಒಂದೇ ಸೇತುವೆಯ ಒಂದೇ ಕಾಲದಲ್ಲಿ ಎಲ್ಲವನ್ನೂ ವಿವರಿಸಲಾಗದು ಎಂಬ ಟೀಕೆ ಸರಿಯಾದದ್ದೇ. ಆದರೆ ಸೇತುವೆಯ ಕಲ್ಪನೆಯನ್ನೇ ಬಿಸಾಡುವ ಮುನ್ನ ಕೆಂಜಳಿಲನ್ನು ನೋಡಬೇಕು. ಸಹ್ಯಾದ್ರಿಯ ಈ ದೊಡ್ಡ ಅಳಿಲು ಸಾತ್ಪುರದ ಪಚಮಢಿಯಲ್ಲೂ ಒಡಿಶಾದ ಸಿಮ್ಲಿಪಾಲದಲ್ಲೂ ಇಂದಿಗೂ ಇದೆ. ಬೇರೆ ಬೇರೆ ಕಾಡುಗಳಲ್ಲಿ ಬೇರೆ ಬೇರೆ ಬಣ್ಣ ತೊಟ್ಟಿದೆ. ಅದೇ ಕುಲದ ಕರಿಯ ಅಳಿಲು ಉತ್ತರ ಬಂಗಾಳ, ಅಸ್ಸಾಮಿನ ಕಾಡಿನದು. ಬಣ್ಣಗಳ ವ್ಯತ್ಯಾಸಕ್ಕೆ ಪ್ರತ್ಯೇಕತೆಯಷ್ಟೇ ತೇವ, ನೆರಳುಗಳೂ ಕಾರಣವಿರಬಹುದು. ಅಲ್ಲೂ ಕೊನೆಗೆ ಕೈಯಾಡಿಸುವುದು ನೆಲವೇ. ಎಲೆಯುದುರುವ ಕಾಡನ್ನೂ ಸಹಿಸುವ ಕೆಂಜಳಿಲಿಗೆ ಸಾತ್ಪುರ ಈಗಲೂ ಮನೆ. ಮರದಿಲಿಗೆ ಅದೇ ಬೆಟ್ಟ ದಾಟಲಾರದ ಬಯಲು.