ಮರೆ ಹೊಕ್ಕವನು, ಮನೆ ಹೊಕ್ಕವನು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳ ಛದ್ಮವೇಷದಲ್ಲಿ ಕೆಳದಿ ಚೆನ್ನಮ್ಮ ಬಂದರೆ ಕೈಯಲ್ಲಿ ಕತ್ತಿ ಇರಲೇಬೇಕು. ಔರಂಗಜೇಬನ ದಂಡನ್ನು ಮಲೆನಾಡಿನಿಂದ ಅಟ್ಟಿದ ರಾಣಿ ಎಂಬಷ್ಟಕ್ಕೆ ನಮ್ಮ ಕತೆ ಮುಗಿಯುತ್ತದೆ. ಕತ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವಳು ಕತ್ತಿಯನ್ನು ಎಲ್ಲಿ ಎತ್ತಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

1689. ಮರಾಠರ ದೊರೆ ಸಂಭಾಜಿಯನ್ನು ಮೊಘಲರು ಕೊಂದಿದ್ದರು, ರಾಯಗಡಕ್ಕೆ ಮುತ್ತಿಗೆ ಬಿದ್ದಿತ್ತು. ಅವನ ತಮ್ಮ ರಾಜಾರಾಮ ತಪ್ಪಿಸಿಕೊಂಡು ಕೆಳದಿಯ ರಾಜಧಾನಿ ಬಿದನೂರಿನ, ಅಂದರೆ ಇಂದಿನ ನಗರದ, ದಾರಿ ಹಿಡಿದ. ಚೆನ್ನಮ್ಮ ರಾಯಗಡದ ನೆರವಿಗೆ ದಂಡು ಕಳಿಸಲಿಲ್ಲ. ಮರೆ ಹೊಕ್ಕವನಿಗೆ ಆಸರೆ ಕೊಟ್ಟು ತಮಿಳು ಸೀಮೆಯ ಜಿಂಜಿ ಕೋಟೆಯ ಕಡೆಗೆ ದಾಟಿಸಿದಳು. ಅವನು ಸೇರಿಕೊಂಡ ಆ ಕೋಟೆ 1698ರವರೆಗೆ ಮೊಘಲರಿಗೆ ದಕ್ಕಲಿಲ್ಲ. ದಂಡೆತ್ತಿ ಹೋಗಿದ್ದರೆ ಇಷ್ಟು ಸಾಧಿಸುತ್ತಿದ್ದಳೇ? ನನಗಂತೂ ಸಂದೇಹ.

ಬೆನ್ನಿಗೇ ಮೊಘಲ್ ಸರದಾರ ಜಾನ್ ನಿಸಾರ್ ಖಾನನ ಸೈನ್ಯ ಬಂತು. ಗೆದ್ದದ್ದು ನಾವು ಎನ್ನುತ್ತದೆ ಕನ್ನಡದ ಕೇಳಿಕೆ. ರಾಣಿ ದಂಡ ತೆತ್ತು ರಾಜಿಯಾದಳು ಎನ್ನುತ್ತದೆ ಮೊಘಲರ ಪಕ್ಷ. ದಂಡದ ಮಾತು ನಮ್ಮವರಿಗೆ ರುಚಿಸದು. ಅದು ನಿಜವೇ ಆಗಿದ್ದರೆ ನನಗೆ ಅವಳ ಮೇಲಿನ ಗೌರವ ಹೆಚ್ಚುತ್ತದೆ: ಬಂದವನೂ ಉಳಿದ, ರಾಜ್ಯವೂ ಉಳಿಯಿತು, ಹೋದದ್ದು ಹಣ. ಆದರೂ ಒಂದು ಪ್ರಶ್ನೆ ಹಾಗೇ ನಿಲ್ಲುತ್ತದೆ. ಪರರಾಜ್ಯದ ರಾಜಕುಮಾರನಿಗಾಗಿ ಮೊಘಲರನ್ನು ಬರಮಾಡಿಕೊಳ್ಳಬೇಕೇ ಎಂದು ಇಲ್ಲಿನ ಗದ್ದೆ-ತೋಟದವರನ್ನು ಯಾರು ಕೇಳಿದ್ದರು? ಚೆನ್ನಮ್ಮನನ್ನು ಹೊಗಳುವವರು ಇದನ್ನು ಜಾರಿಸಿಬಿಡುತ್ತಾರೆ.

ಅವಳಿಗಿಂತ ಮೊದಲು ಕೆಳದಿಯನ್ನಾಳಿದ ಶಿವಪ್ಪ ನಾಯಕನೂ ನೆಲೆ ತಪ್ಪಿದ ವಿಜಯನಗರದ ಶ್ರೀರಂಗರಾಯನಿಗೆ ಆಸರೆಯಾಗಿದ್ದ, ಅವನ ಹೆಸರಿನಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಸೋತ. ಹೆಸರು ರಾಯನದು, ಆಸೆ ನಾಯಕನದು ಎಂದು ಅನುಮಾನಿಸಬಹುದು.

ನೆರವಿಗೆಂದು ಗಡಿ ದಾಟಿದವನನ್ನು ತೂಗಲು ನನಗೆ ಕಾಣುವ ತಕ್ಕಡಿ ಒಂದೇ: ಅವನು ಯಾವಾಗ ಮನೆಗೆ ಮರಳಿದ? 1971ರಲ್ಲಿ ಭಾರತ ಮೊದಲು ಸುಮಾರು ಒಂದು ಕೋಟಿ ನಿರಾಶ್ರಿತರನ್ನು ಹೊತ್ತಿತು, ಡಿಸೆಂಬರಿನಲ್ಲಿ ಯುದ್ಧಕ್ಕಿಳಿಯಿತು, ಮರುವರ್ಷ ಮಾರ್ಚ್‌ನಲ್ಲಿ ಸೈನ್ಯವನ್ನು ಬಾಂಗ್ಲಾದೇಶದಿಂದ ಹಿಂದಕ್ಕೆ ಕರೆಸಿಕೊಂಡಿತು. ಆ ಯುದ್ಧದಲ್ಲಿ ನಮ್ಮ ಸ್ವಾರ್ಥವೂ ಇತ್ತು. ಆದರೆ ಸೈನ್ಯ ಮರಳಿತು.

ಮೈಸೂರಿನ ಹೈದರ್ ಅಲಿ ಮರಳಲಿಲ್ಲ. ಸತ್ತನೆಂದು ಜನ ನಂಬಿದ್ದ ಕೆಳದಿಯ ಚೆನ್ನಬಸಪ್ಪ ನಾಯಕ ತಾನೇ ಎಂದವನೊಬ್ಬ ಚಿತ್ರದುರ್ಗದ ಮೂಲಕ ಅವನ ಬಳಿ ಬಂದಿದ್ದ. ನ್ಯಾಯವಾದ ವಾರಸುದಾರನಿಗೆ ಪಟ್ಟ ಕೊಡಿಸುವ ನೆಪ ಸಿಕ್ಕಿತು. ರಾಣಿ ವೀರಮ್ಮಾಜಿ ಹಣ ಕೊಡುತ್ತೇನೆಂದರೂ ಒಪ್ಪದೆ 1763ರಲ್ಲಿ ಬಿದನೂರನ್ನು ಹಿಡಿದ, ಊರಿಗೆ ಹೈದರನಗರವೆಂದು ತನ್ನದೇ ಹೆಸರಿಟ್ಟ. ಸೋತ ರಾಣಿಯನ್ನೂ, ಯಾರ ಪರವಾಗಿ ಬಂದಿದ್ದನೋ ಆ ವಾರಸುದಾರನನ್ನೂ ಮಧುಗಿರಿಯಲ್ಲಿ ಸೆರೆಯಿಟ್ಟ.

1767ರಲ್ಲಿ ಮರಾಠರ ಪೇಶ್ವೆ ಮಾಧವರಾಯನ ದಂಡು ಮಧುಗಿರಿಯನ್ನು ಹಿಡಿದು ರಾಣಿಯನ್ನು ಬಿಡಿಸಿತು. ರಾಜಾರಾಮನ ಋಣ ತೀರಿತೆಂದು ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಮಾಧವರಾಯ ಬಂದದ್ದು ಹೈದರನನ್ನು ಬಗ್ಗಿಸಲು. ಕೆಳದಿಯ ಗದ್ದುಗೆಯನ್ನು ಅವನೂ ಮರಳಿ ಕೊಡಿಸಲಿಲ್ಲ.