ಮೂಗಿಗಿಂತ ಮೂಗುತಿ ಭಾರ: ಒಂದು ಕಾರು, ಮೂರು ಎಂಜಿನ್

ಹಳೆಯ ಕಾರಿಗೆ ಬೇರೆ ಎಂಜಿನ್ ಕೂರಿಸಲು ಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಎಚ್‌ಪಿ?’ ಕೇಳುವವರಿಗೆ ಕುತೂಹಲ, ಹೇಳುವವರಿಗೆ ಹೆಮ್ಮೆ. ರೇಸ್ ಟ್ರ್ಯಾಕಿನ ಮಾತು ಬೇರೆ. ನಂಬರ್ ಪ್ಲೇಟ್ ಹಾಕಿಕೊಂಡು ಎಲ್ಲರ ಜೊತೆ ರಸ್ತೆಯಲ್ಲಿ ಓಡಬೇಕಾದ, ಆದರೂ ಚುರುಕಾಗಿ ಓಡಬೇಕಾದ ಕ್ಲಾಸಿಕ್ ಕಾರಿನ ಮಟ್ಟಿಗೆ ಆ ಪ್ರಶ್ನೆಯ ಸರದಿ ನಾಲ್ಕನೆಯದು ಅನ್ನುವುದು ನನ್ನ ವಾದ. ಮುಂದಿನ ಚಕ್ರಗಳ ಮೇಲೆ ಎಷ್ಟು ಭಾರ ಬೀಳುತ್ತದೆ, ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಅನುಪಾತ ಎಷ್ಟು, ನಡುವಿನ ಗೇರ್‌ಬಾಕ್ಸ್ ಎಷ್ಟನ್ನು ತಡೆದುಕೊಳ್ಳುತ್ತದೆ ಎಂಬ ಮೂರೂ ಇತ್ಯರ್ಥವಾದ ಮೇಲೆ ಎಚ್‌ಪಿಯ ಮಾತು. ಈ ವಾದಕ್ಕೆ ಸಾಕ್ಷಿ ಬೇಕೆಂದರೆ ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂಜಿಬಿಗಿಂತ ಒಳ್ಳೆಯ ಕಾರು ನನಗೆ ಗೊತ್ತಿಲ್ಲ. ಒಂದೇ ಮೈಕಟ್ಟಿಗೆ ಕಂಪನಿಯವರೇ ಮೂರು ಬಗೆಯ ಎಂಜಿನ್ ಹಾಕಿ ನೋಡಿದರು. ಒಂದು ಸಾಧಾರಣ, ಒಂದು ಎಡವಟ್ಟು, ಒಂದು ಬಹುಮಟ್ಟಿಗೆ ಸರಿ.

1962ರಲ್ಲಿ ಬಂದ ಎಂಜಿಬಿಯ ಮೂಲ ಎಂಜಿನ್ ನಮಗೆ ಪರಕೀಯವಲ್ಲ. ಎಂಜಿಯ ಆಗಿನ ಒಡೆಯ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಬ ಆ ಮನೆತನದ 1489 ಸಿಸಿ ತಮ್ಮನನ್ನು ನಾವು ಅಂಬಾಸಡರ್‌ನ ಬಾನೆಟ್ ಕೆಳಗೆ ದಶಕಗಟ್ಟಲೆ ಕಂಡಿದ್ದೇವೆ. ಎಂಜಿಬಿಯಲ್ಲಿ ಇದ್ದದ್ದು 1798 ಸಿಸಿಯ ಅಣ್ಣ, 95 ಎಚ್‌ಪಿ. ಅಂಬಾಸಡರ್ ಟ್ಯಾಪೆಟ್ ಸೆಟ್ ಮಾಡಿದ ಕೈಗೆ ಇದರಲ್ಲಿ ಹೊಸದೇನೂ ಸಿಗುವುದಿಲ್ಲ. ಬ್ಲಾಕೂ ಹೆಡ್ಡೂ ಎರಡೂ ಬೀಡುಕಬ್ಬಿಣ. ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿ. ನಾಲ್ಕು ಸಿಲಿಂಡರಿಗೆ ಉಸಿರೆಳೆಯಲು ಎರಡೇ ದಾರಿ, ಬಿಡಲು ಮೂರು. ಈ ಹಂಚಿಕೊಂಡ ಪೋರ್ಟುಗಳಿಂದಾಗಿ ಎಷ್ಟೇ ಟ್ಯೂನ್ ಮಾಡಿದರೂ ಒಂದು ಹಂತದ ಮೇಲೆ ಅದು ಏದುಸಿರು ಬಿಡುತ್ತದೆ. ಗಟ್ಟಿ ಜೀವ, ಸುಲಭಕ್ಕೆ ಕೆಡದು, ಕೆಟ್ಟರೂ ರಿಪೇರಿ ಮಾಡಿಕೊಳ್ಳಬಹುದು. ವೇಗದ ಆಸೆ ಇದ್ದವರಿಗೆ ಮಾತ್ರ ಸಾಲದು.

ಸಾಲದು ಅಂತ ಕಂಪನಿಗೂ ಅನ್ನಿಸಿತು. 1967ರಲ್ಲಿ ಎಂಜಿಸಿ ಹೊರಟಿತು. ಅದಕ್ಕೆ ಹಾಕಿದ್ದು 2912 ಸಿಸಿಯ ಆರು ಸಿಲಿಂಡರ್ ಎಂಜಿನ್, 145 ಎಚ್‌ಪಿ. ಕಾಗದದ ಮೇಲೆ ಒಂದೂವರೆಪಟ್ಟು ಬಲ. ಆದರೆ ಆರೂ ಸಿಲಿಂಡರುಗಳು ಒಂದೇ ಸಾಲಿನಲ್ಲಿ ನಿಂತ ಆ ಉದ್ದನೆಯ ಕಬ್ಬಿಣದ ಗಡ್ಡೆ ನಾಲ್ಕು ಸಿಲಿಂಡರಿನದಕ್ಕಿಂತ ಸುಮಾರು 95 ಕಿಲೋ ಹೆಚ್ಚು ತೂಗುತ್ತಿತ್ತು, ಅಷ್ಟೂ ಭಾರ ಮೂತಿಯ ಮೇಲೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಅದನ್ನು ಜಾಗಕ್ಕೆ ಕೂರಿಸಲು ಮುಂದಿನ ಕ್ರಾಸ್‌ಮೆಂಬರ್ ಬದಲಿಸಬೇಕಾಯಿತು, ಕಾಯಿಲ್ ಸ್ಪ್ರಿಂಗ್ ತೆಗೆದು ಟಾರ್ಷನ್ ಬಾರ್ ಹಾಕಬೇಕಾಯಿತು, ಬಾನೆಟ್ಟಿನ ಮೇಲೆ ಉಬ್ಬು ತರಬೇಕಾಯಿತು. ಚಕ್ರ 15 ಇಂಚಿಗೆ ಏರಿತು. ಒಂದು ತೂಕದ ಹಿಂದೆ ಇಷ್ಟೆಲ್ಲ ಬದಲಾವಣೆಗಳ ಮೆರವಣಿಗೆ. ಕೊನೆಗೆ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೇ ಹೋಗಲು ಹಟ ಹಿಡಿಯಿತು. ಆಗಿನ ಪತ್ರಿಕೆಗಳು ಬರೆದದ್ದು ಸ್ವಲ್ಪ ಕಟುವಾಗಿಯೇ ಇತ್ತು. ಟೈರಿನ ಗಾಳಿ ಸರಿಮಾಡಿಕೊಂಡು ಹೆದ್ದಾರಿಯಲ್ಲಿ ದೂರ ಓಡಿಸುವವರಿಗೆ ಎಂಜಿಸಿ ಹಿತವಾದ ಕಾರು ಅನ್ನುವವರು ಈಗಲೂ ಇದ್ದಾರೆ, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸ್ಪೋರ್ಟ್ಸ್ ಕಾರಿಗೆ ಅದು ಶಿಫಾರಸು ಆಗಲಾರದು. 1969ರಲ್ಲಿ, ಒಂಬತ್ತು ಸಾವಿರದ ಹತ್ತಿರ ತಯಾರಾಗಿದ್ದಾಗ, ಅದನ್ನು ನಿಲ್ಲಿಸಿದರು.

ಮೂರನೆಯ ಎಂಜಿನ್ ಹುಟ್ಟಿದ್ದು ಅಮೆರಿಕದಲ್ಲಿ. ಬ್ಯೂಕ್ ಕಂಪನಿ 1961ರ ಮಾದರಿಗೆ 215 ಘನ ಇಂಚಿನ, ಪೂರ್ತಿ ಅಲ್ಯೂಮಿನಿಯಮ್ಮಿನ ವಿ8 ಎಂಜಿನ್ ಮಾಡಿತ್ತು. ಎರಕ ಹೊಯ್ಯುವುದು ದುಬಾರಿಯಾಯಿತೆಂದು 1963ಕ್ಕೇ ಕೈಬಿಟ್ಟಿತು. ಅದರ ಹಕ್ಕನ್ನು 1965ರಲ್ಲಿ ಬ್ರಿಟನ್ನಿನ ರೋವರ್ ಕೊಂಡುಕೊಂಡಿತು. ರೋವರ್ ಸಲೂನುಗಳಲ್ಲಿ, 1970ರಿಂದ ರೇಂಜ್ ರೋವರ್‌ನಲ್ಲಿ ಅದು ಬಾಳಿದ್ದು ಎಲ್ಲರಿಗೂ ಗೊತ್ತು. ಇದರ ವಿಶೇಷ ಬಲಕ್ಕಿಂತ ಹೆಚ್ಚಾಗಿ ತೂಕದಲ್ಲಿತ್ತು: 3528 ಸಿಸಿ, ಎಂಟು ಸಿಲಿಂಡರ್, ಆದರೂ ತಕ್ಕಡಿಯಲ್ಲಿ ಎಂಜಿಬಿಯ ನಾಲ್ಕು ಸಿಲಿಂಡರಿನ ಕಬ್ಬಿಣದ ಎಂಜಿನ್ನಿಗೆ ಹೆಚ್ಚುಕಡಿಮೆ ಸಮ. ಜೊತೆಗೆ ವಿ ಆಕಾರದ ಎಂಜಿನ್ ಗಿಡ್ಡ, ಆದ್ದರಿಂದ ಭಾರ ಮುಂದಿನ ಆಕ್ಸಲ್‌ನಿಂದ ಹಿಂದಕ್ಕೆ ಕೂರುತ್ತದೆ. ಈ ಎಂಜಿನ್ನನ್ನು ಎಂಜಿಬಿಗೆ ಕೂರಿಸಿ ಮೊದಲು ಮಾರಾಟಕ್ಕೆ ತಕ್ಕಂತೆ ಮಾಡಿ ತೋರಿಸಿದ್ದು ಕಂಪನಿಯಲ್ಲ, ರೇಸ್ ಓಡಿಸುತ್ತಿದ್ದ ಕೆನ್ ಕಾಸ್ಟೆಲ್ಲೊ ಎಂಬಾತ. ಅವನ ಕಾರುಗಳು ಹೆಸರು ಮಾಡಿದ ಮೇಲೆ ಬಿಎಂಸಿಯ ಜಾಗಕ್ಕೆ ಬಂದಿದ್ದ ಬ್ರಿಟಿಷ್ ಲೇಲ್ಯಾಂಡ್ ಕಣ್ಣು ಬಿಟ್ಟಿತು. 1973ರ ಆಗಸ್ಟ್‌ನಲ್ಲಿ ಎಂಜಿಬಿ ಜಿಟಿ ವಿ8 ಮಾರುಕಟ್ಟೆಗೆ ಬಂತು.

ಇಲ್ಲಿ ಒಂದು ಲೆಕ್ಕ ನೋಡಿ. ಕಂಪನಿಯ ವಿ8 ಕೊಟ್ಟದ್ದು 137 ಎಚ್‌ಪಿ, ಅಂದರೆ ಸೋತ ಎಂಜಿಸಿಗಿಂತ ಎಂಟು ಕಡಿಮೆ. ರೇಂಜ್ ರೋವರ್‌ಗೆಂದು ಮಾಡಿದ, ಕಂಪ್ರೆಷನ್ 8.25ಕ್ಕೆ ಇಳಿಸಿದ ಮೆದು ಎಂಜಿನ್ ಅದು. ಎಚ್‌ಪಿಯೇ ಎಲ್ಲ ಅನ್ನುವವರ ಪ್ರಕಾರ ಇದು ಹಿಂದೆ ಬೀಳಬೇಕಿತ್ತು. ಆಗಿದ್ದು ಬೇರೆ: ಗಂಟೆಗೆ 60 ಮೈಲಿ ಮುಟ್ಟಲು ಎಂಜಿಸಿಗೆ ಹತ್ತು ಸೆಕೆಂಡ್ ಬೇಕಿದ್ದರೆ ವಿ8ಗೆ ಎಂಟೂವರೆ ಚಿಲ್ಲರೆ. ಗುಟ್ಟು ಎಳೆತದಲ್ಲಿದೆ. 2900 ಆರ್‌ಪಿಎಂಗೇ ಅದು 262 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತಿತ್ತು. ಎಂಜಿಸಿಯ 230 ಬರುತ್ತಿದ್ದದ್ದು 3400ರಲ್ಲಿ. ರಸ್ತೆಯಲ್ಲಿ ಲಾರಿ ಹಿಂದೆ ಹಾಕುವಾಗ ನಮ್ಮ ಕಾಲಿಗೆ ಸಿಗಬೇಕಾದ ಪಿಕಪ್ ಇರುವುದು ಇಲ್ಲೇ, ಎರಡರಿಂದ ನಾಲ್ಕು ಸಾವಿರ ಆರ್‌ಪಿಎಂ ನಡುವೆ. ಆರು ಸಾವಿರದಾಚೆ ಸಿಗುವ ಎಚ್‌ಪಿ ಗೆಳೆಯರ ಮುಂದೆ ಹೇಳಿಕೊಳ್ಳಲು ಚೆನ್ನ.

ಬಾನೆಟ್ ಎತ್ತಿದರೆ ಕಂಪನಿಯ ಎಂಜಿನಿಯರುಗಳು ಪಟ್ಟ ಪಾಡು ಕಣ್ಣಿಗೆ ಬೀಳುತ್ತದೆ. ಕಾಸ್ಟೆಲ್ಲೊ ಕಾರ್ಬುರೇಟರುಗಳನ್ನು ಎಂಜಿನ್ನಿನ ಮೇಲೇ ಬಿಟ್ಟು ಬಾನೆಟ್ಟಿಗೆ ಗೂನು ಮಾಡಿದ್ದ. ಕಂಪನಿಗೆ ಗೂನು ಬೇಡವಾಗಿತ್ತು. ಹಾಗಾಗಿ ಎರಡು ಎಸ್‌ಯು ಕಾರ್ಬುರೇಟರುಗಳನ್ನು ಎಂಜಿನ್ನಿನ ಹಿಂದಕ್ಕೆ, ಡ್ಯಾಶ್‌ಬೋರ್ಡಿನ ಗೋಡೆಗೆ ತಾಗುವಷ್ಟು ಹತ್ತಿರಕ್ಕೆ ತಳ್ಳಿ, ಅಲ್ಲಿಂದ ಮುಂದಕ್ಕೆ ಗಾಳಿ ಹೊತ್ತು ತರಲು ವಿಶೇಷ ಮ್ಯಾನಿಫೋಲ್ಡ್ ಮಾಡಿದರು. ರೇಡಿಯೇಟರ್ ಮುಂದಕ್ಕೆ ಹೋಯಿತು, ಅದರ ಮುಂದೆ ಎರಡು ಎಲೆಕ್ಟ್ರಿಕ್ ಫ್ಯಾನ್ ನಿಂತವು. ನೋಡಲು ಜಾಣತನವೇ. ಉಸಿರಾಟದ ದೃಷ್ಟಿಯಿಂದ ಮಾತ್ರ ಗಾಳಿಗೆ ಸುತ್ತುಬಳಸಿನ ದಾರಿ. ಈ ವಿಷಯದಲ್ಲಿ ನನ್ನ ಮತ ಗೂನಿನ ಕಡೆಗೆ.

ಕ್ರೌನ್-ಪಿನಿಯನ್ ವಿಷಯಕ್ಕೆ ಬಂದರೆ ಕಂಪನಿಗೆ ಪೂರ್ತಿ ಅಂಕ. ಸಾಮಾನ್ಯ ಎಂಜಿಬಿಯ ಅನುಪಾತ 3.9. ವಿ8ಗೆ ಎಂಜಿಸಿಗಾಗಿ ಮಾಡಿದ್ದ 3.07 ಹಾಕಿದರು. ಇದರ ಫಲ ಓಡಿಸುವವನ ಕಿವಿಗೆ ತಿಳಿಯುತ್ತದೆ. ಗಂಟೆಗೆ 110 ಕಿಲೋಮೀಟರಿನಲ್ಲಿ ನಾಲ್ಕು ಸಿಲಿಂಡರಿನ ಕಾರು ಟಾಪ್ ಗೇರಿನಲ್ಲಿ 3,800 ಆರ್‌ಪಿಎಂನಷ್ಟು ಕೂಗಾಡುತ್ತದೆ. ವಿ8 ಅದೇ ವೇಗದಲ್ಲಿ 3,000ದ ಹತ್ತಿರ, ಓವರ್‌ಡ್ರೈವ್ ಗುಂಡಿ ಒತ್ತಿದರೆ 2,400. ಅಂದರೆ ದೂರದ ಓಟಕ್ಕೆ ಶಾಂತ, ಕಾಲೊತ್ತಿದರೆ ಟಾರ್ಕ್ ಶಿಖರ ಎರಡು ಹೆಜ್ಜೆ ಮುಂದೆ. ಎಷ್ಟೋ ಜನ ದುಬಾರಿ ಎಂಜಿನ್ ಹಾಕಿ ಹಳೆಯ ಆಕ್ಸಲ್ ಹಾಗೇ ಉಳಿಸಿಕೊಳ್ಳುತ್ತಾರೆ. ಆಗ ಫಸ್ಟ್ ಗೇರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ, ಟಾಪ್ ಗೇರಿನಲ್ಲಿ ಗದ್ದಲದಿಂದ ತಲೆ ಸಿಡಿಯುತ್ತದೆ. ಅವರು ದುಡ್ಡು ಕೊಟ್ಟು ತಂದ ಎಳೆತ ಎಲ್ಲಿಗೂ ಸಲ್ಲುವುದಿಲ್ಲ.

ಸೋತದ್ದು ಗೇರ್‌ಬಾಕ್ಸಿನಲ್ಲಿ. ಎಂಜಿಬಿಯ ನಾಲ್ಕು ಗೇರಿನ ಪೆಟ್ಟಿಗೆಯನ್ನೇ ಅನುಪಾತ ತಿದ್ದಿ ಉಳಿಸಿಕೊಂಡರು. 149 ನ್ಯೂಟನ್-ಮೀಟರ್ ಎಳೆಯುವ ಎಂಜಿನ್ನಿನ ಜೊತೆ ಸುಖವಾಗಿದ್ದ ಪೆಟ್ಟಿಗೆಗೆ ಈಗ 262. ಮೊದಲು ಮೂರನೇ ಗೇರಿನಲ್ಲೂ ಸಿಗುತ್ತಿದ್ದ ಓವರ್‌ಡ್ರೈವನ್ನು ಸ್ವಲ್ಪ ಕಾಲದಲ್ಲೇ ಟಾಪ್‌ಗೆ ಮಾತ್ರ ಸೀಮಿತ ಮಾಡಿದರು. ತಮ್ಮ ಕಾರಿನ ಯಾವ ಭಾಗ ಬಡಕಲು ಅಂತ ಕಂಪನಿಯೇ ಒಪ್ಪಿಕೊಂಡ ಹಾಗಾಯಿತು. ಬೆಲೆಯೂ ತಪ್ಪಿತು. 2,294 ಪೌಂಡಿಗೆ ಇದು ಸಿಗುವಾಗ ಮೂರು ಲೀಟರಿನ ಫೋರ್ಡ್ ಕಾಪ್ರಿ ಇದಕ್ಕಿಂತ ಅಗ್ಗವಾಗಿತ್ತು. ಕಾರು ಬಿಡುಗಡೆಯಾಗಿ ಎರಡು ತಿಂಗಳಿಗೆ ಅರಬ್ ದೇಶಗಳ ತೈಲ ನಿರ್ಬಂಧ ಬಂತು. ವಿ8 ಅನ್ನುವ ಹೆಸರೇ ದುಂದುವೆಚ್ಚದ ಗುರುತಾಯಿತು. 1976ಕ್ಕೆ 2,591 ಕಾರುಗಳಾಗಿ ನಿಂತುಹೋಯಿತು. ಮಾರಾಟದ ಸೋಲನ್ನು ಎಂಜಿನ್ ಆಯ್ಕೆಯ ಸೋಲೆಂದು ಓದುವವರಿದ್ದಾರೆ. ಅದು ತಪ್ಪು ಓದು.

ಹಾಗಿದ್ದರೆ ಈಗ ಯಾರಾದರೂ ಒಂದು ಎಂಜಿಬಿ ಹಿಡಿದುಕೊಂಡು ಇದೇ ಕೆಲಸಕ್ಕೆ ಕೂತರೆ? ಅಮೆರಿಕದಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರ: ಎಲ್‌ಎಸ್. 1997ರ ಕಾರ್ವೆಟ್ ಜೊತೆ ಬಂದ, 5.7 ಲೀಟರಿನ, 345 ಎಚ್‌ಪಿಯ ಜನರಲ್ ಮೋಟರ್ಸ್ ವಿ8. ಅಲ್ಯೂಮಿನಿಯಂ ಬ್ಲಾಕ್, ಪುಶ್‌ರಾಡ್ ಆದ್ದರಿಂದ ಅಗಲ ಕಡಿಮೆ, ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಅಗಲವಾದ ಎಂಜಿನ್ ಬೇಯಿರುವ 1960ರ ದಶಕದ ಅಮೆರಿಕನ್ ಕಾರುಗಳಿಗೆ ಅದರಷ್ಟು ವಿವೇಕದ ಆಯ್ಕೆ ಇನ್ನೊಂದಿಲ್ಲ ಅಂತ ಒಪ್ಪುತ್ತೇನೆ. ಎಂಜಿಬಿಯಂಥ ಸಣ್ಣ ಕಾರಿಗೆ ಅದನ್ನು ತುರುಕಿದಾಗ ಮಾತ್ರ ಹಿಂದೆ ಲೀಫ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್, ಡ್ರಮ್ ಬ್ರೇಕ್, ಮೂಲ ಮೈಕಟ್ಟಿನ ತಿರುಚುವಿಕೆ ಎಲ್ಲವನ್ನೂ ಒಂದೊಂದಾಗಿ ಬದಲಿಸುತ್ತ ಹೋಗಬೇಕು. ಕಡೆಗೆ ಉಳಿಯುವುದು ಎಂಜಿಬಿಯ ಆಕಾರ ಮಾತ್ರ. ಎಂಜಿಸಿಯಲ್ಲಿ ಕಂಡ ಅದೇ ಮೆರವಣಿಗೆ, ಈ ಸಲ ಹಿಂಬದಿಯಿಂದ. ತದ್ವಿರುದ್ಧ ದಾರಿ ಹಿಡಿದವರು ಆಬಿಂಗ್ಡನ್ ಹತ್ತಿರದ ಫ್ರಂಟ್‌ಲೈನ್ ಕಂಪನಿಯವರು. ಎಂಜಿಬಿಯ ಐವತ್ತನೇ ವರ್ಷಕ್ಕೆ ಅವರು ಹಾಕಿದ್ದು ಎರಡು ಲೀಟರಿನ ಮಾಜ್ಡಾ ಎಂಜಿನ್, ಅದರದೇ ಆರು ಗೇರಿನ ಪೆಟ್ಟಿಗೆ. ಹಗುರ, ಚುರುಕು, ಬುದ್ಧಿವಂತಿಕೆಯ ಕೆಲಸ. ದುಬಾರಿ ಅನ್ನುವುದು ಬೇರೆ ವಿಷಯ, ಮತ್ತು ಹಳೆಯ ಕಾರಿನ ಕೆಳದನಿಯ ಎಳೆತ ಬಯಸುವವರಿಗೆ ಅದು ಹಿಡಿಸಲಿಕ್ಕಿಲ್ಲ.

ಎಂಜಿ ಹೆಸರು ತನ್ನ ಕೈಗೆ ಬಂದ ಮೇಲೆ ರೋವರ್ ಕೂಡ ವಿ8 ಎಂಜಿಬಿಯನ್ನು ಇನ್ನೊಮ್ಮೆ ಪ್ರಯತ್ನಿಸಿತ್ತು. 1992ರಲ್ಲಿ ಬಂದ ಎಂಜಿ ಆರ್‌ವಿ8ಗೆ 3.9 ಲೀಟರಿನ, ಫ್ಯುಯೆಲ್ ಇಂಜೆಕ್ಷನ್ ಇದ್ದ 190 ಎಚ್‌ಪಿಯ ಎಂಜಿನ್, ಐದು ಗೇರಿನ ಪೆಟ್ಟಿಗೆ. ಎರಡು ಸಾವಿರದಷ್ಟು ಕಾರುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಹಿಂದಿನ ಲೀಫ್ ಸ್ಪ್ರಿಂಗ್ ಮಾತ್ರ ಹಾಗೇ ಉಳಿಯಿತು, ಉಬ್ಬುತಗ್ಗಿನ ರಸ್ತೆಯಲ್ಲಿ ಅದರ ಕುಣಿತವೂ ಉಳಿಯಿತು. ಆದರೂ ಎಂಜಿನ್-ಗೇರ್‌ಬಾಕ್ಸ್ ಜೋಡಿಯ ಮಟ್ಟಿಗೆ 1973ರಲ್ಲಿ ಬರೆದ ಪರೀಕ್ಷೆಗೆ ಸರಿಯುತ್ತರ ಇದೇ.

ನಮ್ಮಲ್ಲಿ ಇದೇ ಕಥೆಗೆ ಅಂಬಾಸಡರ್, ಕಾಂಟೆಸ್ಸಾಗಳ ಅಧ್ಯಾಯವಿದೆ. ವಾಕ್ಸ್‌ಹಾಲ್ ಮೈಕಟ್ಟಿನ ಕಾಂಟೆಸ್ಸಾಗೆ 1984ರಲ್ಲಿ ಹಿಂದುಸ್ತಾನ್ ಮೋಟರ್ಸ್ ಹಾಕಿದ್ದು ಅಂಬಾಸಡರ್‌ನ ಅದೇ 1489 ಸಿಸಿ ಎಂಜಿನ್, 50 ಎಚ್‌ಪಿ ಆಸುಪಾಸು. ಅಷ್ಟು ದೊಡ್ಡ ದೇಹಕ್ಕೆ ಅದು ತಮಾಷೆಯೇ. ಆಮೇಲೆ ಇಸುಝುವಿನ 1.8 ಲೀಟರ್ ಎಂಜಿನ್ ಐದು ಗೇರಿನ ಪೆಟ್ಟಿಗೆಯ ಜೊತೆ ಬಂದಾಗ, 88 ಎಚ್‌ಪಿಗೆ ಕಾರಿನ ನಡಿಗೆಯೇ ಬದಲಾಯಿತು. ಗಮನಿಸಬೇಕಾದ್ದು: ಎಂಜಿನ್ ಒಂಟಿಯಾಗಿ ಬರಲಿಲ್ಲ, ತನ್ನ ಗೇರ್‌ಬಾಕ್ಸ್ ಕೈಹಿಡಿದು ಬಂತು. 1990ರ ದಶಕದಲ್ಲಿ ಅದೇ ಜೋಡಿ ಅಂಬಾಸಡರ್‌ಗೂ ಸಿಕ್ಕಿತು. ಹಳೆಯ ಬಿ-ಸೀರೀಸ್ ಅಂಬಾಸಡರ್ ಇಟ್ಟುಕೊಂಡು ಸ್ವಲ್ಪ ವೇಗ ಬಯಸುವವರು ಜಪಾನಿನ ಮೂರು ಲೀಟರ್ ಟರ್ಬೊ ಕನಸು ಕಾಣುವ ಮೊದಲು, ಕಂಪನಿಯೇ ಕೂರಿಸಿ ತೋರಿಸಿದ ಈ ಇಸುಝು ಜೋಡಿಯನ್ನು ಹುಡುಕುವುದು ಲೇಸು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಎಂಜಿನ್ ಮೌಂಟಿಂಗ್‌ನಿಂದ ಹಿಡಿದು ಪ್ರೊಪೆಲ್ಲರ್ ಶಾಫ್ಟ್‌ವರೆಗೆ ವಿಚಾರಿಸಿಕೊಂಡು, ಆರ್‌ಟಿಒ ಕಾಗದವನ್ನೂ ಮೊದಲೇ ನೋಡಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಎಂಜಿನ್ ಬದಲಿಸುವ ಹಾಗಿಲ್ಲ. 2021ರ ವಿಂಟೇಜ್ ನಿಯಮಗಳಂತೂ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ಆ ಮನ್ನಣೆ ಕೊಡುತ್ತವೆ. ಎಂಜಿನ್ ಕಿತ್ತವರು ಆ ಆಸೆಯನ್ನೂ ಬಿಡಬೇಕಾಗುತ್ತದೆ.

ಎಂಜಿಬಿಗೆ ನನ್ನ ಪಟ್ಟಿ ಹೀಗಿರುತ್ತದೆ: 1974ರ ನಂತರದ ರಬ್ಬರ್ ಬಂಪರಿನ ಜಿಟಿ ಮೈಕಟ್ಟು, ಯಾಕೆಂದರೆ ಅದರ ಎಂಜಿನ್ ಬೇ ವಿ8ಗೆ ಸುಲಭವಾಗಿ ಒಗ್ಗುತ್ತದೆ. ಇಂಜೆಕ್ಷನ್ ಇರುವ 3.9 ರೋವರ್, ಮೂಲ ಟ್ಯೂನಿನಲ್ಲೇ. ರೋವರ್‌ನದೇ ಐದು ಗೇರಿನ ಪೆಟ್ಟಿಗೆ. ಆಕ್ಸಲ್ 3.07. ಮುಂದೆ ದಪ್ಪ ಡಿಸ್ಕ್. ಮಿಕ್ಕ ದುಡ್ಡು ರೇಡಿಯೇಟರಿಗೆ.